ಎರಡು ಡಬ್ಬಿ, ಒಂದು ‘ಆತ್ರಿ’

ಬದಲಿ ಮ್ಯಾಗ್ನೆಟೊವನ್ನು ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ನಾನು ಪುಣೆಯಿಂದ ಬೆಳಗಾವಿಗೆ ರೈಲಿನಲ್ಲಿ ಹೋದೆ. ಎದುರು ಕುಳಿತಿದ್ದ ವ್ಯಾಪಾರಿಯೊಬ್ಬರು, "ಕೂಸಿಗೆ ಆರಾಮ ಇಲ್ಲೇನ್ರಿ?" ಎಂದು ಕೇಳಿದರು. ಇಂಜಿನ್ನಿನಲ್ಲಿ ಕಿಡಿ ಹುಟ್ಟಿಸುವ ಯಂತ್ರ ಇದು ಎಂದು ವಿವರಿಸಿದೆ. ಅವರು ತಮ್ಮ ಗಂಟನ್ನು ಎತ್ತಿಕೊಂಡು ಬೇರೆ ಕಡೆ ಹೋಗಿ ಕುಳಿತರು.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದವು. ಪುಣೆಯ ಒಂದು ಹಾರಾಟದ ಕ್ಲಬ್ಬಿನಲ್ಲಿ ನಾನು ನೆಲದ ಇಂಜಿನಿಯರ್ ಆಗಿದ್ದೆ. ವಿಮಾನ ಹಾರಿಸುವುದು ನನ್ನ ಕೆಲಸವಲ್ಲ. ಅದು ಹಾರಲು ಯೋಗ್ಯವಾಗಿದೆ ಎಂದು ನೋಡಿ ಸಹಿ ಮಾಡುವುದು ನನ್ನ ಕೆಲಸ. ನಮ್ಮ ಎರಡು ರೆಕ್ಕೆಯ, ಎರಡು ಆಸನದ ಚಿಕ್ಕ ವಿಮಾನ ಬೆಳಗಾವಿಯ ಹೊರಗಿನ ಬಯಲಿನಲ್ಲಿ ನಿಂತುಬಿಟ್ಟಿತ್ತು. ಅದರ ಎರಡು ಮ್ಯಾಗ್ನೆಟೊಗಳಲ್ಲಿ ಒಂದು ಕೆಟ್ಟಿತ್ತು. ಒಂದರ ಮೇಲೂ ಇಂಜಿನ್ ತಿರುಗುತ್ತದೆ, ಆದರೆ ಒಂದರ ಮೇಲೆ ಹಾರಕೂಡದು ಎಂಬುದು ನಿಯಮ. ವಿಮಾನ ತಂದಿದ್ದ ಪೈಲಟ್ ಆ ನಿಯಮ ಪಾಲಿಸಿ, ತಂತಿ ಕಳಿಸಿ, ನನಗಾಗಿ ಕಾದಿದ್ದರು.

ಅವರು ಧಾರವಾಡದ ಕಡೆಯವರು, ನನಗಿಂತ ಚಿಕ್ಕವರು. ಹಾರಾಟದಲ್ಲಿ ಚೊಕ್ಕ ಕೈ. ಮರುದಿನ ಬೆಳಿಗ್ಗೆ ಅವರು ಮುಂಬಯಿಯಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕಿತ್ತು. ಅದರಲ್ಲಿ ಪಾಸಾದರೆ ಹಾರಾಟವನ್ನೇ ಉದ್ಯೋಗ ಮಾಡಿಕೊಳ್ಳುವ ಲೈಸೆನ್ಸು. ಟಪಾಲು ವಿಮಾನಗಳ ಕಂಪನಿಯೊಂದು ಅವರಿಗೆ ಜಾಗ ತೆಗೆದಿಟ್ಟಿತ್ತು. ತಪ್ಪಿಸಿಕೊಂಡರೆ ಮುಂದಿನ ಸರತಿ ಯಾವಾಗಲೋ. ಜಾಗ ಅಲ್ಲಿಯ ತನಕ ಕಾಯುವುದಿಲ್ಲ. ಆದ್ದರಿಂದ ಅವತ್ತು ಸಂಜೆಯೊಳಗೆ ಪುಣೆ ಮುಟ್ಟುವುದು ಅವರ ಮಟ್ಟಿಗೆ ಬರೀ ಪ್ರಯಾಣವಾಗಿರಲಿಲ್ಲ.

ನಾನು ಇಂಜಿನ್ನಿನ ಹೊದಿಕೆ ತೆಗೆದು ಕೆಲಸಕ್ಕೆ ಕುಳಿತೆ. ಹಳೆಯ ಮ್ಯಾಗ್ನೆಟೊ ಇಳಿಸಿ, ಮೊದಲನೆಯ ಸಿಲಿಂಡರಿನ ಪಿಸ್ಟನ್ನನ್ನು ಸರಿಯಾದ ಜಾಗಕ್ಕೆ ತಂದು, ಹೊಸದನ್ನು ಜೋಡಿಸಿ, ಕಿಡಿಯ ತುದಿಗಳ ನಡುವಿನ ಅಂತರವನ್ನು ತಗಡಿನ ಮಾಪಕದಿಂದ ನೋಡಿದೆ. ಒಮ್ಮೆ ಸರಿಯಾಗಲಿಲ್ಲ. ಬಿಚ್ಚಿ ಮತ್ತೆ ಕೂಡಿಸಿದೆ. ಪೈಲಟ್ ನನ್ನ ಸುತ್ತ ತಿರುಗುತ್ತಿದ್ದರು.

"ಏನ್ರಿ ಮಾಸ್ತರ್ರ, ಚಷ್ಮಾ ಒರಸ್ಕೊಳ್ರಿ. ನಿಮ್ಮ ಕಣ್ಣು ನಂಬಿ ನನ್ನ ಕಣ್ಣು ನಾಳೆ ಪರೀಕ್ಷಾಕ್ಕ ಹೋಗಬೇಕಾಗೇದ."

ನಾನು ಕ್ರಮ ಬಿಡುವವನಲ್ಲ ಎಂದು ಅವರು ನನ್ನನ್ನು ಮಾಸ್ತರ್ ಎಂದು ಕರೆಯುತ್ತಿದ್ದರು. ಇಡೀ ಕ್ಲಬ್ಬಿನಲ್ಲಿ ಕನ್ನಡದವರು ನಾವಿಬ್ಬರೇ.

"ಅವಸರ ಮಾಡಿದ್ರ ಇನ್ನೊಮ್ಮೆ ಬಿಚ್ಚತೇನಿ ನೋಡ್ರಿ," ಎಂದೆ.

"ಬ್ಯಾಡ್ರಿ ಮಹಾರಾಯರ, ನಾ ಚಹಾ ಕುಡದ ಬರ್ತೀನಿ."

ಕೆಲಸ ಮುಗಿದ ಮೇಲೆ ಇಂಜಿನ್ನನ್ನು ನೆಲದ ಮೇಲೆಯೇ ಬಹಳ ಹೊತ್ತು ಓಡಿಸಿ ನೋಡಿದೆ. ಒಂದೊಂದೇ ಮ್ಯಾಗ್ನೆಟೊ ಮೇಲೆ ಓಡಿಸಿದೆ, ಎರಡರ ಮೇಲೂ ಓಡಿಸಿದೆ. ಸದ್ದು ಶುದ್ಧವಾಗಿತ್ತು. ಅಷ್ಟರಲ್ಲಿ ಟ್ಯಾಂಕಿನ ಪೆಟ್ರೋಲು ಸಾಕಷ್ಟು ಉರಿದುಹೋಗಿತ್ತು. ಹೊರಡುವ ಮೊದಲು ತುಂಬಿಸಲೇಬೇಕು.

ಇಲ್ಲಿ ಟ್ಯಾಂಕಿನ ಮಾತು ಹೇಳಬೇಕು. ಆ ವಿಮಾನದಲ್ಲಿ ಪೆಟ್ರೋಲು ಮೇಲಿನ ರೆಕ್ಕೆಯ ನಡುಭಾಗದಲ್ಲಿ, ಮುಂದಿನ ಆಸನದವನ ತಲೆಯ ಮೇಲೆಯೇ ಇರುತ್ತದೆ. ಎಷ್ಟಿದೆ ಎಂದು ತೋರಿಸಲು ಒಂದು ಗಾಜಿನ ಕೊಳವೆ, ಒಳಗೆ ಬೆಂಡಿನ ತೇಲು. ನಮ್ಮ ಕೊಳವೆ ಬಿಸಿಲಿಗೆ ಹಳದಿಗಟ್ಟಿ, ತೇಲು ಎಲ್ಲಿದೆ, ನೆರಳು ಎಲ್ಲಿದೆ ತಿಳಿಯದಂತಾಗಿತ್ತು. ಹೊಸ ಗಾಜು ಬರುವ ತನಕ ಗೆರೆ ಕೊರೆದ ಕೋಲನ್ನು ಟ್ಯಾಂಕಿಗೆ ಇಳಿಸಿ ನೋಡಬೇಕು, ಎಷ್ಟು ಗ್ಯಾಲನ್ ಎಂಬ ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳಬೇಕು ಎಂದು ಕ್ಲಬ್ಬಿನಲ್ಲಿ ಹಾರಾಟ ಕಲಿಸುವ ಮುಖ್ಯ ಶಿಕ್ಷಕರಾಗಿದ್ದ ಇಂಗ್ಲಿಷ್ ಸಾಹೇಬರು ಅಪ್ಪಣೆ ಮಾಡಿದ್ದರು. ಪುಣೆಯಲ್ಲಿ ಪೆಟ್ರೋಲು ಹಾಕುವವರು ಮರಾಠಿಯವರು. ಪೈಲಟ್ ಕೇಳುತ್ತಿದ್ದರು, ಅವರು ‘ಅಠರಾ’, ಅಂದರೆ ಹದಿನೆಂಟು, ಎಂದು ಕೂಗುತ್ತಿದ್ದರು, ಪೈಲಟ್ ಅದನ್ನೇ ತಿರುಗಿ ಹೇಳುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ.

ಬೆಳಗಾವಿಯಲ್ಲಿ ಬಯಲಿನ ಕಾವಲು ಮತ್ತು ಪೆಟ್ರೋಲು ಎರಡನ್ನೂ ನೋಡಿಕೊಳ್ಳುತ್ತಿದ್ದವರು ಒಬ್ಬ ನಡುವಯಸ್ಸಿನವರು. ಸಾವಧಾನದ ಮನುಷ್ಯ. ಸ್ಟೂಲಿನ ಮೇಲೆ ನಿಂತು, ಲಾಳಿಕೆಯ ಮೇಲೆ ತೆಳು ತೊಗಲು ಹಾಸಿ, ಒಂದು ಹನಿ ಹೊರಗೆ ಚೆಲ್ಲದಂತೆ ಸೋಸಿ ಸುರಿಯುತ್ತಿದ್ದರು. ಎರಡು ಡಬ್ಬಿ ಸುರಿದು ಕೆಳಗಿಳಿದರು. ನಾನು ಹೊದಿಕೆ ಹಾಕಿ, ಕೊನೆಯ ನಟ್ಟುಗಳು ಸಡಿಲಾಗದಂತೆ ತಂತಿ ಬಿಗಿಯುತ್ತಿದ್ದೆ. ಪೈಲಟ್ ಆಗ ಚಹಾ ಕುಡಿದು ಬಂದರು. ಆಕಾಶ ನೋಡಿದರು. ಉತ್ತರದಿಂದ ಗಾಳಿ ಎದ್ದಿತ್ತು. ಪುಣೆಗೆ ಹೋಗುವವರಿಗೆ ಅದು ಎದುರು ಗಾಳಿ.

"ಪೆಟ್ರೋಲ್ ಪೂರ್ತಿ ತುಂಬಸೂದ್ರಿ?" ಎಂದರು ಆ ಕಾವಲಿನವರಿಗೆ.

"ಆತ್ರಿ," ಎಂದರು ಅವರು. ಖಾಲಿ ಡಬ್ಬಿಗಳನ್ನು ಎರಡೂ ಕೈಗೆ ತೆಗೆದುಕೊಂಡು, ಗಿಡಗಳ ಆಚೆ ಇದ್ದ ಶೆಡ್ಡಿನ ಕಡೆ ನಡೆದರು.

"ನಿಮ್ಮದು, ಮಾಸ್ತರ್ರ?"

"ಒಂದು ತಂತಿ ಉಳದೇದ."

"ನಿಮ್ಮ ತಂತಿ ಮುಗಿಯೂದ್ರಾಗ ನನಗ ಮುಪ್ಪು ಬರ್ತದ."

ತಂತಿ ಮುಗಿಸಿದೆ, ಸಹಿ ಹಾಕಿದೆ. ಅವರು ಹಿಂದಿನ ಆಸನದಲ್ಲಿ ಕುಳಿತರು. ಹಾರಿಸುವವರ ಜಾಗ ಅದೇ. ನಾನು ಪಂಖ ತಿರುವಿ ಇಂಜಿನ್ ಎಬ್ಬಿಸಿ, ಗಾಲಿಗಳ ಮುಂದಿನ ಅಡ್ಡ ಕಟ್ಟಿಗೆಗಳನ್ನು ತೆಗೆದು, ಮುಂದಿನ ಆಸನಕ್ಕೆ ಹತ್ತಿ ಪಟ್ಟಿ ಬಿಗಿದೆ. ವಿಮಾನ ಬಯಲಿನ ತುದಿಗೆ ಹೋಗಿ ಗಾಳಿಗೆ ಮುಖ ಮಾಡಿತು. ಗಿಡಗಳ ನಡುವಿನಿಂದ ಆ ಕಾವಲಿನವರು ಡಬ್ಬಿಗಳ ಸಮೇತ ಓಡಿಬರುವುದು ಕಂಡಿತು. ಡಬ್ಬಿಗಳನ್ನು ಹುಲ್ಲಿನ ಮೇಲೆ ಇಟ್ಟರು. ಎರಡೂ ಕೈ ಎತ್ತಿ ಬೀಸಿದರು.

ಇಂಜಿನ್ನಿನ ಸದ್ದಿನಲ್ಲಿ ಮಾತಾಡಲು ಎರಡು ಆಸನಗಳ ನಡುವೆ ಒಂದು ರಬ್ಬರು ಕೊಳವೆ ಇತ್ತು. ಅದರಲ್ಲಿ ಪೈಲಟ್ಟರ ದನಿ ಬಂತು: "ನೋಡ್ರಿ ಮಾಸ್ತರ್ರ, ಎಷ್ಟು ಪ್ರೀತಿಲೆ ಕಳಸ್ಲಿಕತ್ತಾರ! ಪುಣ್ಯಾದಾಗ ನಮಗ ಯಾರರೆ ಹಿಂಗ ಕೈ ಮಾಡ್ತಾರೇನು?"

ಪೈಲಟ್ ಕೈ ಬೀಸಿದರು. ನಾನೂ ಬೀಸಿದೆ. ನೆಲ ಬಿಟ್ಟೆವು.

ಕೊಲ್ಹಾಪುರ ದಾಟುವ ತನಕ ಹೇಳುವಂಥದ್ದೇನೂ ಇಲ್ಲ. ಕಿವಿಗೊಟ್ಟು ಕುಳಿತಿದ್ದೆ, ಮ್ಯಾಗ್ನೆಟೊ ಚೆನ್ನಾಗಿ ನಡೆದಿತ್ತು. ಆದರೆ ಗಾಳಿ ಬಲವಾಗುತ್ತ ಹೋಯಿತು. ಕರಾಡದ ಹತ್ತಿರ ಕೃಷ್ಣಾ ನದಿ ಕೆಳಗೆ ಬಂದದ್ದು ದಾಟಿಹೋಗಲೇ ಒಲ್ಲದು. ರಸ್ತೆಯ ಮೇಲಿನ ಒಂದು ಮೋಟಾರು ಬಹಳ ಹೊತ್ತು ನಮ್ಮ ಜೊತೆಗೇ ಇತ್ತು. ಪೂರ್ತಿ ತುಂಬಿದ ಟ್ಯಾಂಕಿಗೆ ಇದು ಚಿಂತೆಯ ವಿಷಯವಲ್ಲ. ಹಾಗೆಂದೇ ಇಬ್ಬರೂ ಸುಮ್ಮನಿದ್ದೆವು.

ಸಾತಾರೆ ಹಿಂದೆ ಬಿದ್ದ ಮೇಲೆ, ಅಭ್ಯಾಸದಂತೆ ಕೈಗವಸು ತೆಗೆದು, ತಲೆಯ ಮೇಲಿನ ಟ್ಯಾಂಕಿನ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಒಳಗೆ ಪೆಟ್ರೋಲಿದ್ದರೆ ತಗಡು ಬೆರಳಿಗೆ ಕಲ್ಲಿನ ಹಾಗೆ ಹತ್ತುತ್ತದೆ. ಇಲ್ಲದಿದ್ದರೆ ನಡುಗಿ ತಿರುಗಿ ಬಡಿಯುತ್ತದೆ. ಟ್ಯಾಂಕಿನ ತಳ ಒಂದು ಕಡೆಗೆ ಇಳಿಜಾರು. ಮೇಲ್ಭಾಗವೆಲ್ಲ ನಡುಗುತ್ತಿತ್ತು, ಆಳವಾದ ಮೂಲೆಯೊಂದೇ ಗಟ್ಟಿಯಾಗಿತ್ತು. ಮತ್ತೊಮ್ಮೆ ತಟ್ಟಿದೆ. ಅದೇ.

ಕೊಳವೆಯಲ್ಲಿ ಹೇಳಿದೆ: "ಟ್ಯಾಂಕಿನ್ಯಾಗ ಭಾಳ ಕಡಿಮಿ ಅದ. ಸಪ್ಪಳ ಖಾಲಿ ಬರ್ತದ."

"ಇಷ್ಟು ಗದ್ದಲದಾಗ ನಿಮಗ ಸಪ್ಪಳ ಹ್ಯಾಂಗ ಕೇಳಸ್ತದ್ರಿ?"

"ಕಿವಿಗಲ್ಲ, ಕೈಗೆ."

ಕೆಳಗೆ ನೀರಾ ನದಿಯ ದಂಡೆ ಬಂತು. ಎರಡೂ ಕಡೆ ಸಮನಾದ ಹೊಲಗಳು, ಬೆಳೆ ಕೊಯ್ದ ನೆಲ. ಇಂಜಿನ್ ಇನ್ನೂ ಜೀವದಿಂದಿರುವಾಗ, ನೋಡಿ ಆರಿಸಿ ಇಳಿಯಲು ಇದಕ್ಕಿಂತ ಒಳ್ಳೆಯ ಜಾಗ ಮುಂದೆ ಇಲ್ಲ.

"ಇಲ್ಲೇ ಇಳಸ್ರಿ," ಎಂದೆ. "ಶಿರವಳದಾಗ ಮೋಟಾರಿಗೆ ಪೆಟ್ರೋಲ್ ಸಿಗತದ. ಸೋಸಿ ಹಾಕ್ಕೊಂಡು ಹೋಗೂಣು."

"ಇಲ್ಲಿ ಇಳದರ ಇವತ್ತ ಏಳೂದಾಗೂದಿಲ್ಲ. ನಾಳೆ ಮುಂಬಯಿ ಹೋಯಿತು ಅಂತ ತಿಳೀರಿ." ಆಮೇಲೆ, ದನಿ ಇಳಿಸಿ, "ಮಾಸ್ತರ್ರ, ಎದುರು ಗಾಳಿಗೆ ಸ್ವಲ್ಪ ಹೆಚ್ಚು ಉರದಿರಬೇಕು. ತುಂಬಿದ ಟ್ಯಾಂಕ್ ಅದು. ಕಾತ್ರಜ ದಾಟಿದರ ಆತು."

ಹಾರಾಟದ ನಿರ್ಧಾರ ಪೈಲಟ್ಟರದು. ನಾನು ಒಮ್ಮೆ ಹೇಳಿದೆ, ಎರಡನೆಯ ಸಲ ಹೇಳಲಿಲ್ಲ. ನೀರಾ ಹಿಂದೆ ಹೋಯಿತು. ಕಾತ್ರಜದ ಗುಡ್ಡಗಳು ಎದುರಾದವು. ಅವರು ಎತ್ತರ ಗಳಿಸಲು ಮೂತಿ ಎತ್ತಿದರು. ಕೆಳಗೆ ಈಗ ಬಂಡೆ, ಕಂದರ, ಘಾಟಿನ ಸುತ್ತುದಾರಿ. ನಾನು ಮತ್ತೆ ತಟ್ಟಿದೆ. ಗಟ್ಟಿ ಮೂಲೆ ಅಂಗೈಯಷ್ಟಾಗಿತ್ತು.

ಆಗ ಪೈಲಟ್ ತಾವಾಗಿಯೇ ಕೇಳಿದರು. "ಅವರು ತುಂಬೇದ ಅಂದಿದ್ರಲ್ಲ. ನೀವೂ ಕೇಳಿದಿರಲ್ಲ?"

"ಕೇಳಿದೆ," ಎಂದೆ. ನಾನೂ ಟ್ಯಾಂಕು ತುಂಬಿದೆ ಎಂದೇ ತಿಳಿದು ಕುಳಿತಿದ್ದವನು. ಉತ್ತರ ಹೇಳುವಾಗ ಮಾತ್ರ ಆ ಮಾತನ್ನು ಇದ್ದ ಹಾಗೆಯೇ ಹೇಳಿದೆ. "ತುಂಬೇದ ಅನ್ನಲಿಲ್ಲ. ‘ಆತ್ರಿ’ ಅಂದ್ರು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಮುಗಿದರೂ ಆತ್ರಿ. ಕೆಲಸ ಹೇಳಿದಾಗ ಮಾಡುತ್ತೇನೆ ಎಂದು ಒಪ್ಪಿಕೊಂಡರೂ ಆತ್ರಿ. ಪೈಲಟ್ ಕೇಳಿದ್ದು ತುಂಬಿಸಿ ಆಯಿತೇ ಎಂದು. ಕಾವಲಿನವರು ಕೇಳಿಸಿಕೊಂಡದ್ದು ಇನ್ನೂ ತುಂಬಿಸಬೇಕು ಎಂಬ ಅಪ್ಪಣೆ. ಅಪ್ಪಣೆಗೆ ಒಪ್ಪಿ, ಉಳಿದ ಡಬ್ಬಿ ತರಲು ಹೋಗಿದ್ದರು.

ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಆಗಿದ್ದರೆ ಅಂಕಿ ಕೇಳದೆ ನಾವು ಬಿಡುತ್ತಿರಲಿಲ್ಲ. ಪರರ ಮಾತು, ತಪ್ಪು ತಿಳಿದೇವು ಎಂಬ ಎಚ್ಚರ ಇರುತ್ತಿತ್ತು. ಬಹಳ ದಿನಗಳ ಮೇಲೆ ಕೆಲಸದ ಬಯಲಿನಲ್ಲಿ ಮನೆಯ ಮಾತು ಕೇಳಿದೆವು. ಇದರಲ್ಲಿ ಮತ್ತೇನು ಕೇಳುವುದು ಎಂದು ಅನಿಸಿತು. ಮೂವರಿಗೂ ಅನಿಸಿತು.

"ಹಂಗಾರ ಅವರು ಕೈ ಬೀಸಿದ್ದು..." ಎಂದರು ಪೈಲಟ್.

ಗುಡ್ಡದ ನೆತ್ತಿ ದಾಟಿದ ಮೇಲೆ ಇಂಜಿನ್ ಒಮ್ಮೆ ಕೆಮ್ಮಿತು. ಎರಡು ಉಸಿರು ಸರಿಯಾಗಿ ಓಡಿತು. ಮತ್ತೆ ಕೆಮ್ಮಿತು, ನಿಂತಿತು. ಪಂಖ ಕಣ್ಣೆದುರು ಒಂದು ಕೋಲಾಗಿ ನಿಂತಿತು. ತಂತಿಗಳ ನಡುವೆ ಗಾಳಿ ಶಿಳ್ಳೆ ಹಾಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಿಗೆ ಪರ್ವತಿಯ ಗುಡಿ, ಆಚೆ ಪುಣೆಯ ಹೆಂಚಿನ ಮಾಡುಗಳು. ನಮ್ಮ ಇಳಿದಾಣ ಊರಿನ ಆ ಬದಿಗೆ. ಊರ ಮೇಲೆ ತೇಲಿಕೊಂಡು ಅಲ್ಲಿ ಮುಟ್ಟುವಷ್ಟು ಎತ್ತರ ನಮಗಿರಲಿಲ್ಲ.

ಈಗ ಕೊಳವೆ ಬೇಕಿರಲಿಲ್ಲ. ಹಿಂದಿನಿಂದ ಅವರ ಮಾತು ನೇರವಾಗಿ ಕೇಳಿಸಿತು. ದನಿ ಶಾಂತವಾಗಿತ್ತು. "ಎಡಕ್ಕ ಹೊರಳ್ತೇನಿ. ನದಿ ಆಚೆ ಕೋಥರೂಡದ ಹೊಲ. ಮ್ಯಾಗ್ನೆಟೊ ಸ್ವಿಚ್ ಆರಿಸೇನಿ, ಪೆಟ್ರೋಲ್ ನಳ ಬಂದ ಮಾಡೇನಿ. ಚಷ್ಮಾ ತಗೀರಿ, ಪಟ್ಟಿ ಬಿಗೀರಿ."

ಚಷ್ಮಾ ತೆಗೆದು ಕಿಸೆಯಲ್ಲಿಟ್ಟೆ. ಅವರ ಕಣ್ಣಿಗೆ ಹಾರಾಟದ ಕನ್ನಡಕ ಇದ್ದೇ ಇತ್ತು. ಅದನ್ನು ತೆಗೆದರೆ ಗಾಳಿಗೆ ಕಣ್ಣು ತೆರೆಯಲಾಗುವುದಿಲ್ಲ.

ಮುಠಾ ನದಿ ದಾಟಿದೆವು. ಕೋಥರೂಡ ಆಗ ಒಂದು ಹಳ್ಳಿ. ಗುಡ್ಡದ ತನಕ ಹೊಲಗಳು. ಅವರು ಮೊದಲೇ ಒಂದು ಉದ್ದನೆಯ ಹೊಲ ಆರಿಸಿದ್ದರು: ಜೋಳ ಕೊಯ್ದದ್ದು, ಸಮತಟ್ಟು, ಗಾಳಿಗೆ ಎದುರಾಗಿ ಚಾಚಿದ್ದು. ಪುಸ್ತಕದಲ್ಲಿ ಬರೆದ ಹಾಗೆ ತಿರುವು ತೆಗೆದುಕೊಂಡು ಅದಕ್ಕೆ ಮುಖ ಮಾಡಿದರು. ಚೊಕ್ಕ ಕೈ ಎಂದೆನಲ್ಲ, ಅವತ್ತಿಗಿಂತ ಚೊಕ್ಕವಾಗಿ ಅವರು ಎಂದೂ ವಿಮಾನ ತಂದಿರಲಿಲ್ಲ. ಈ ಹೊಲದಲ್ಲಿ ಇಳಿದರೆ ಗಾಲಿಗೆ ಗೀರು ಬೀಳುವುದಿಲ್ಲ, ಸಂಜೆಯ ರೈಲಿಗೆ ಮುಂಬಯಿಗೆ ಹೋಗಬಹುದು ಎಂಬ ಲೆಕ್ಕ ಅವರ ತಲೆಯಲ್ಲಿಯೂ ಬಂದಿರಬೇಕು. ನನ್ನ ತಲೆಯಲ್ಲಿ ಬಂದಿತ್ತು.

ಕೆಳಗೆ ಬಂದ ಮೇಲೆ ಕಂಡಿತು. ಹೊಲದ ನಡುವೆ ದಂಟಿನ ರಾಶಿಯ ನೆರಳಿಗೆ ಹೆಂಗಸರು ಸಾಲಾಗಿ ಬಗ್ಗಿ ಕೂಳೆ ಕೀಳುತ್ತಿದ್ದರು. ಸೀರೆಗಳು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು, ಮೇಲಿನಿಂದ ಕಾಣುವಂತಿರಲಿಲ್ಲ. ಅವರು ತಲೆ ಎತ್ತಿ ನೋಡಲಿಲ್ಲ. ಯಾಕೆ ನೋಡುತ್ತಾರೆ? ವಿಮಾನ ಎಂದರೆ ಸದ್ದು. ನಮ್ಮಲ್ಲಿ ಸದ್ದೇ ಇರಲಿಲ್ಲ.

ನಾನು ಕೂಗಿದೆ. ಗಾಳಿ ಕೂಗನ್ನು ಹಿಂದಕ್ಕೆ ಒಯ್ಯಿತು.

ಎತ್ತಿ ಮೇಲಿನಿಂದ ದಾಟಿಸಲು ಇಂಜಿನ್ನಿಲ್ಲ. ಹೆಂಗಸರು ಎದ್ದು ಓಡಿಹೋದಾರು ಎಂದು ನಂಬಿ ಇಳಿಸಬಹುದಿತ್ತು. ಪೈಲಟ್ ಬಲಗಡೆಯ ರೆಕ್ಕೆ ಇಳಿಸಿ, ವಿಮಾನವನ್ನು ಅಡ್ಡಕ್ಕೆ ಜಾರಿಸಿದರು. ಬಲಗಡೆ ಇದ್ದದ್ದು ಆಳವಾಗಿ ಉತ್ತ ಒಂದು ಗಿಡ್ಡ ಹೊಲ. ಅದರ ತುದಿಗೆ ಕಲ್ಲಿನ ಒಡ್ಡು. ಆ ಒಡ್ಡು ನನಗೆ ಕಂಡಿತು ಎಂದ ಮೇಲೆ ಅವರಿಗೆ ಕಾಣದೆ ಇರಲಿಲ್ಲ. ಅವರ ಕಣ್ಣು ನನ್ನ ಕಣ್ಣಿಗಿಂತ ಬಹಳ ಚೆನ್ನಾಗಿತ್ತು.

"ತಲಿ ಬಗ್ಗಸ್ರಿ, ಮಾಸ್ತರ್ರ!"

ಬಾಲ ಮೊದಲು ಮುಟ್ಟಿತು. ಗಾಲಿಗಳು ನೇಗಿಲ ಸಾಲಿಗೆ ಸಿಕ್ಕಿ ಮುರಿದವು. ವಿಮಾನ ಹೊಟ್ಟೆಯ ಮೇಲೆ ಜಾರಿ ಒಡ್ಡಿಗೆ ಮೂತಿ ಕೊಟ್ಟು, ಬಾಲ ಎತ್ತಿ, ಬೋರಲಾಗಿ ಬಿತ್ತು.

ನಾನು ಪಟ್ಟಿಗೆ ಜೋತು ತಲೆಕೆಳಗಾಗಿದ್ದೆ. ಮೊದಲು ಮೂಗಿನಿಂದ ಹುಡುಕಿದ್ದು ಪೆಟ್ರೋಲಿನ ವಾಸನೆ. ಮಣ್ಣಿನ ವಾಸನೆ ಬಿಟ್ಟು ಬೇರೆ ಇರಲಿಲ್ಲ. ಖಾಲಿ ಟ್ಯಾಂಕು ನಮಗೆ ಮಾಡಿದ ಉಪಕಾರ ಅದೊಂದೇ: ಬೆಂಕಿ ಏಳಲಿಲ್ಲ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದರಿಂದ ಪಟ್ಟಿ ಬಿಚ್ಚಿ ಹೊರಗೆ ತೆವಳಿದೆ. ನನಗೆ ಹೆಗಲು ಉಳುಕಿತ್ತು, ಅಷ್ಟೇ.

ಪೈಲಟ್ ಎಚ್ಚರದಿಂದಿದ್ದರು. ಮುಖ ಎದುರಿನ ಮಾಪಕಗಳ ಫಲಕದ ಅಂಚಿಗೆ ಬಡಿದು, ಕನ್ನಡಕದ ಎಡ ಗಾಜು ಒಡೆದು ಒಳಗೆ ಹೋಗಿತ್ತು. ಅವರು ಕೇಳಿದ್ದು ಒಂದೇ ಮಾತು: "ಯಾರಿಗೂ ತಾಗಿಲ್ಲಲ್ಲ?"

"ಯಾರಿಗೂ ಇಲ್ಲ. ಕೈ ಹಚ್ಚಬ್ಯಾಡ್ರಿ ಮುಖಕ್ಕ."

ಹೆಂಗಸರು ಓಡಿ ಬಂದರು. ಎಲ್ಲರಿಗಿಂತ ಮುಂದೆ ಬಂದ ಮುದುಕಿ ತನ್ನ ಸೆರಗಿನ ಬಟ್ಟೆ ಹರಿದು ಕೊಟ್ಟಳು. ಕೊಡುತ್ತಲೇ ಮರಾಠಿಯಲ್ಲಿ ಬೈದಳು: "ಆವಾಜ ತರೀ ದ್ಯಾಯಚಾ ರೇ ಬಾಬಾನೋ!" ಒಂದು ಸದ್ದನ್ನಾದರೂ ಮಾಡಬಾರದಿತ್ತೇನಪ್ಪಾ, ಎಂದು. ಆಮೇಲೆ ಪಕ್ಕದ ಹೊಲವನ್ನೂ ಒಡ್ಡನ್ನೂ ಒಮ್ಮೆ ನೋಡಿದಳು. ಏನಾಯಿತು ಎಂದು ಅವಳಿಗೆ ತಿಳಿಯಿತು. ಪೈಲಟ್ಟರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಎತ್ತಿನ ಗಾಡಿ ಬರುವ ತನಕ ಹಾಗೆಯೇ ಕುಳಿತಳು.

ಅವರನ್ನು ಆಸ್ಪತ್ರೆಗೆ ಸೇರಿಸಿ, ನಾನು ಇಳಿದಾಣಕ್ಕೆ ಹೋದೆ. ಶೆಡ್ಡಿನ ಮುಂದೆ ಎಲ್ಲರೂ ದಕ್ಷಿಣದ ಆಕಾಶ ನೋಡುತ್ತ ನಿಂತಿದ್ದರು. ಮುಖ್ಯ ಶಿಕ್ಷಕರ ಕೈಯಲ್ಲಿ ಬೆಳಗಾವಿಯ ತಂತಿ ಇತ್ತು. ವಿಮಾನದಲ್ಲಿ ಪೆಟ್ರೋಲು ಅರ್ಧ ಮಾತ್ರ ಇದೆ, ಇಳಿಸಿಕೊಳ್ಳಿ ಎಂದು. ನಾವು ಹಾರಿದ ಕೂಡಲೆ ಆ ಕಾವಲಿನವರು ತಂತಿ ಆಫೀಸಿಗೆ ಓಡಿದ್ದರು. ತಂತಿ ನಮಗಿಂತ ಎಷ್ಟೋ ಮೊದಲೇ ಪುಣೆ ಮುಟ್ಟಿತ್ತು. ಆದರೆ ಆಕಾಶದಲ್ಲಿದ್ದ ನಮಗೆ ಅದನ್ನು ಮುಟ್ಟಿಸುವ ಸಾಧನ ಆ ಕಾಲದಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಅವರು ಮಾಡಬಹುದಾದದ್ದು ನೋಡುತ್ತ ನಿಲ್ಲುವುದು. ನಿಂತಿದ್ದರು.

ಮರುದಿನ ನಾನು ಹೊಲಕ್ಕೆ ಹೋಗಿ ಕ್ರಮದಂತೆ ಎಲ್ಲ ಪರೀಕ್ಷೆ ಮಾಡಿದೆ. ಟ್ಯಾಂಕು, ನಳಿಗೆ, ಕಾರ್ಬ್ಯುರೇಟರು; ಎಲ್ಲೂ ಸೋರಿಕೆಯ ಕಲೆ ಇಲ್ಲ. ಕಾರಣ ಗೊತ್ತಿದ್ದರೂ ಪರೀಕ್ಷೆ ಬಿಡಬಾರದು. ಮುಂಬಯಿಯಲ್ಲಿ ಆ ಹೊತ್ತಿಗೆ ವೈದ್ಯಕೀಯ ಮಂಡಳಿ ಕುಳಿತಿತ್ತು.

ಕೆಲವು ದಿನಗಳ ಮೇಲೆ ಸರಕಾರದ ತನಿಖಾಧಿಕಾರಿ ಬಂದರು. ಇಂಗ್ಲಿಷರು, ನ್ಯಾಯವಾಗಿ ನಡೆಯುವವರು, ಮಾತು ಕಡಿಮೆ. ಬೆಳಗಾವಿಯ ಕಾವಲಿನವರನ್ನು ರೈಲಿನಲ್ಲಿ ಕರೆಸಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಸಾಕ್ಷಿಯೂ ನಾನೇ, ದುಭಾಷಿಯೂ ನಾನೇ. ಇದು ಸರಿಯಲ್ಲ ಎಂದು ಮೊದಲೇ ಹೇಳಿದೆ. ಬೇರೆ ಯಾರಿದ್ದಾರೆ ಎಂದು ಅಧಿಕಾರಿ ಕೇಳಿದರು. ಯಾರೂ ಇರಲಿಲ್ಲ.

ಪ್ರಶ್ನೆ ಚಿಕ್ಕದು. ಟ್ಯಾಂಕು ತುಂಬಿಲ್ಲ ಎಂದು ಗೊತ್ತಿದ್ದೇ ಈ ಮನುಷ್ಯ ತಂತಿ ಕೊಟ್ಟಿದ್ದಾನೆ. ಹಾಗಿದ್ದರೆ ಪೈಲಟ್ಟರಿಗೆ ‘ಆಯಿತು’ ಎಂದು ಯಾಕೆ ಹೇಳಿದ?

"ನಾ ಆತ್ರಿ ಅಂದಿನಿ, ಸಾಹೇಬ್ರ. ಸುಳ್ಳ ಹೇಳಿಲ್ರಿ," ಎಂದರು ಅವರು.

"ಆ ಪದದ ಅರ್ಥ ಏನು?" ಎಂದು ಅಧಿಕಾರಿ ನನ್ನ ಕಡೆ ನೋಡಿದರು.

ಮುಗಿಯಿತು ಎಂದು ಅರ್ಥ ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಪೈಲಟ್ ನಿರ್ದೋಷಿ ಎಂದು ತೀರ್ಮಾನವಾಗುತ್ತಿತ್ತು. ಎಡಗಣ್ಣು ಹೋಗಿದೆ ಎಂದು ವೈದ್ಯರು ಅದಾಗಲೇ ಹೇಳಿದ್ದರು; ಟಪಾಲು ಕಂಪನಿಯ ಕೆಲಸ ಹೇಗೂ ಮುಗಿದಿತ್ತು. ಆದರೆ ನಿರ್ದೋಷಿಯಾದರೆ ಕ್ಲಬ್ಬು ಅವರನ್ನು ನೆಲದ ಪಾಠ ಹೇಳಲು ಇಟ್ಟುಕೊಳ್ಳುತ್ತದೆ, ಎಂದಾದರೊಂದು ದಿನ ಜೊತೆಗಾರನೊಂದಿಗೆ ಹಾರಲು ಬಿಡುತ್ತದೆ ಎಂಬ ಮಾತು ನಡೆದಿತ್ತು. ದೋಷಿಯಾದರೆ ಅದೂ ಇಲ್ಲ. ಇತ್ತ ಕಡೆ ಕುಳಿತ ಕಾವಲಿನವರ ಹೊಟ್ಟೆಪಾಡೂ ಅದೇ ಮಾತಿಗೆ ಕಟ್ಟುಬಿದ್ದಿತ್ತು.

"ಎರಡು ಅರ್ಥ ಇವೆ," ಎಂದೆ. "ಮುಗಿದಿದೆ. ಮತ್ತು, ಮಾಡುತ್ತೇನೆ."

"ಮುಗಿದದ್ದಕ್ಕೂ ಮುಗಿಯದ್ದಕ್ಕೂ ಒಂದೇ ಪದವೇ? ಜನ ಹೇಗೆ ಬದುಕುತ್ತಾರೆ?"

ನಾನು ಕಾವಲಿನವರ ಕಡೆ ತಿರುಗಿ, ಸಹಜವಾಗಿ, "ಗಾಳಿ ಭಾಳ ಬರ್ಲಿಕತ್ತೇದ. ಆ ಬಾಗಲಾ ಹಾಕ್ರಿ," ಎಂದೆ.

"ಆತ್ರಿ," ಎಂದು ಅವರು ಎದ್ದರು. ಹೋಗಿ ಬಾಗಿಲು ಹಾಕಿದರು. ತಿರುಗಿ ಬರುವಾಗ ಕೇಳಿದೆ, "ಹಾಕಿದ್ರೇನ್ರಿ?"

"ಆತ್ರಿ."

ಅಧಿಕಾರಿ ಪೆನ್ಸಿಲ್ ಕೆಳಗಿಟ್ಟರು. ಬಾಗಿಲನ್ನು ನೋಡಿದರು, ಅವರನ್ನು ನೋಡಿದರು. ಕನ್ನಡದ ಒಂದಕ್ಷರ ಬಾರದ ಮನುಷ್ಯನಿಗೂ ಒಂದೇ ಸದ್ದು ಎರಡು ಸಲ ಕೇಳಿಸಿತ್ತು. ಮೊದಲ ಸಲ ಬಾಗಿಲು ತೆರೆದಿತ್ತು, ಎರಡನೆಯ ಸಲ ಮುಚ್ಚಿತ್ತು. ಏನು ನಡೆಯಿತು ಎಂದು ತಿಳಿಯದೆ ಕಾವಲಿನವರು ಮಾತ್ರ, "ಅಗಳಿನೂ ಹಾಕ್ಲೇನ್ರಿ?" ಎಂದು ಕೇಳಿದರು.

ತೀರ್ಮಾನ ಅವತ್ತೇ ಬಂತು. ಕಾವಲಿನವರ ತಪ್ಪಿಲ್ಲ. ಕೋಲಿನಿಂದ ಅಳೆಸಿ ಅಂಕಿ ಕೇಳಿ ಹೊರಡುವುದು ಪೈಲಟ್ಟರ ಹೊಣೆ, ಅದು ಆಗಿಲ್ಲ. ಅಳೆಯದ ಟ್ಯಾಂಕಿನ ಕೆಳಗೆ ಕುಳಿತು ಹೊರಟದ್ದಕ್ಕೆ ನನ್ನ ಸಹಿಯ ಅಧಿಕಾರವನ್ನು ಕೆಲವು ತಿಂಗಳು ತಡೆದರು. ಯಾವ ಭಾಷೆಯಲ್ಲಾದರೂ ಸರಿ, ಪೆಟ್ರೋಲಿನ ಪ್ರಶ್ನೆಗೆ ಅಂಕಿಯೇ ಉತ್ತರ, ಬೇರೆ ಯಾವ ಮಾತೂ ಉತ್ತರವಲ್ಲ ಎಂದು ಬರೆದರು. ಅದರಲ್ಲಿ ನನಗೆ ತಕರಾರಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ಕಾವಲಿನವರು ನನ್ನ ಹಿಂದೆ ಬಂದರು. ಒಳಗೆ ಬನ್ನಿ ಎಂದರೆ ಬಾಗಿಲಲ್ಲೇ ನಿಂತರು. ಪೈಲಟ್ಟರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಉಳಿದ ಕಣ್ಣು ಅಲುಗದಂತೆ ಇರಲಿ ಎಂದು ಹಾಗೆ ಮಾಡುವುದು ರೂಢಿ.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬಾಗಿಲಿನ ಮಾತನ್ನೂ ಹೇಳಿದೆ.

"ನನ್ನ ಕೇಳಿದ್ರ ನಾನೂ ಹಂಗ ಹೇಳ್ರಿ ಅಂತಿದ್ದೆ," ಎಂದರು ಪೈಲಟ್. "ನೀವು ಕೇಳಲಿಲ್ಲ. ಅದಕ್ಕ ಸಿಟ್ಟದ."

"ಹೌದ್ರಿ. ಕೇಳಬೇಕಿತ್ತು."

"ಬಾಗಲದಾಗ ಯಾರೋ ನಿಂತಾರಲ್ಲ. ಉಸಿರು ಕೇಳಸ್ತದ."

ಹೇಳಿದೆ. ಪೈಲಟ್ ದಿಂಬಿನಿಂದ ತಲೆ ಎತ್ತಿದರು. "ಅವತ್ತ ಎಷ್ಟು ಹಾಕಿದ್ರಿ?"

ಕಾವಲಿನವರು ಒಂದು ಹೆಜ್ಜೆ ಒಳಗೆ ಬಂದರು. "ಎರಡ ಡಬ್ಬಿ ರೀ. ಇನ್ನೆರಡು ತರಾಕ ಹೋಗಿದ್ನಿ ರೀ. ಬರೂದ್ರಾಗ ನೀವು... ಭಾಳ ಒದರಿದ್ನಿ ರೀ ಸಾಹೇಬ್ರ. ಭಾಳ ಕೈ ಮಾಡಿದ್ನಿ."

"ಕಂಡಿತು. ನಮ್ಮನ್ನ ಕಳಸ್ಲಿಕ್ಕ ಬಂದೀರಿ ಅಂತ ತಿಳಕೊಂಡ್ವಿ."

ಕಾವಲಿನವರು ಅಳುತ್ತಿದ್ದರು. ಪೈಲಟ್ ಮಾತು ಬದಲಿಸಿ ಬೆಳಗಾವಿಯ ಗಾಡಿ ಎಷ್ಟು ಹೊತ್ತಿಗೆ, ಊಟ ಆಯಿತೇ ಎಂದು ವಿಚಾರಿಸಿದರು. ಊಟ ಮಾಡಿ ಹೋಗಿ ಎಂದರು. ಕಾವಲಿನವರು ಬಾಯಿಗೆ ಬಂದ ಮಾತನ್ನು ತಡೆದು, "ಊಟ ಮಾಡೇ ಗಾಡಿ ಹತ್ತತೇನಿ ರೀ," ಎಂದು ಪೂರ್ತಿಯಾಗಿ ಹೇಳಿದರು.

ಹೊರಡುವಾಗ ಬಾಗಿಲಿನಿಂದ ಕೈ ಎತ್ತಿದರು. ಎತ್ತಿದವರಿಗೆ ಬೆಳಗಾವಿಯ ಬಯಲು ನೆನಪಾಯಿತು, ಕೈ ಇಳಿಸಿ, ಅಂಗಿಗೆ ಒರೆಸಿಕೊಂಡು ಸುಮ್ಮನೆ ನಿಂತರು. ಹೆಜ್ಜೆಯ ಸದ್ದು ನಿಂತದ್ದನ್ನು ಪೈಲಟ್ ಕೇಳಿಸಿಕೊಂಡಿರಬೇಕು. ಪಟ್ಟಿ ಕಟ್ಟಿದ ಮುಖವನ್ನು ಬಾಗಿಲಿಗೆ ತಿರುಗಿಸಿ, ಹೊದಿಕೆಯೊಳಗಿನಿಂದ ಕೈ ತೆಗೆದು, ನಿಧಾನವಾಗಿ ಬೀಸಿದರು.